ಎರಡನೆಯ ಅಳತೆ

ಪಿಂಚಣಿಯ ಕಾಗದವೊಂದನ್ನು ಕೊಟ್ಟು ಬರಲು ಕುಂದಾಪುರಕ್ಕೆ ಹೋದವನು ಹಾಗೆಯೇ ಗಾಜಿನ ಅಂಗಡಿಗೆ ಹೊಕ್ಕೆ. ತೆಂಗಿನ ಗರಿ ಬಿದ್ದು ಮನೆಯ ಜಗಲಿಯ ಕಿಟಕಿಯ ಗಾಜು ಒಡೆದಿತ್ತು. ಅಳತೆ ಬರೆದ ಚೀಟಿ ಜೇಬಿನಲ್ಲಿತ್ತು. ಅಂಗಡಿಯವರು ದೊಡ್ಡದೊಂದು ಗಾಜನ್ನು ಮೇಜಿನ ಮೇಲೆ ಮಲಗಿಸಿ, ಕಿವಿಯ ಸಂದಿಯಿಂದ ಗಾಜಿನ ಮೇಲೆ ಗೆರೆ ಎಳೆಯುವ ಕೆಂಪು ಮೇಣದ ಪೆನ್ಸಿಲ್ ತೆಗೆದರು. ಅದರ ಮೊನೆ ಸವೆದಿತ್ತು. ಪೆನ್ಸಿಲ್ಲಿನ ಪಕ್ಕದಲ್ಲಿ ನೇತಾಡುವ ನೂಲನ್ನು ಎಳೆದು, ಅದಕ್ಕೆ ಸುತ್ತಿದ್ದ ಕಾಗದದ ಒಂದು ಸುತ್ತು ಬಿಚ್ಚಿದರು. ಮೇಣದ ವಾಸನೆ ಬಂತು. ಮೇಣದಬತ್ತಿ ಆರಿಸಿದ ಮೇಲೆ ಬರುತ್ತದಲ್ಲ, ಅಂಥದ್ದು, ಸ್ವಲ್ಪ ಎಣ್ಣೆ ಬೆರೆತ ಹಾಗೆ. ಆ ವಾಸನೆಗೆ ನನ್ನ ಎದೆ ಡವಗುಟ್ಟಿತು ಎಂದರೆ ನೀವು ನಗಬಹುದು. ಇಪ್ಪತ್ತೆಂಟು ವರ್ಷ ಸೈನ್ಯದಲ್ಲಿದ್ದವನು ನಾನು, ಅದೂ ರಾಕೆಟ್ ಹಾರಿಸುವ ರೆಜಿಮೆಂಟಿನಲ್ಲಿ.

"ಅಳ್ತಿ ಸಮಾ ಕಂಡಿದ್ರಿಯಾ?" ಎಂದು ಅಂಗಡಿಯವರು ತಲೆ ಎತ್ತದೆಯೇ ಕೇಳಿದರು. "ಒಂದ್ ಸಲ ಕತ್ತರ್ಸಿರೆ ಮತ್ತ್ ಎಂತ ಮಾಡುಕೂ ಆತಿಲ್ಲೆ."

ಕಂಡಿದ್ದೇನೆ, ಸರಿಯಾಗಿ ನೋಡಿದ್ದೇನೆ ಎನ್ನುವುದಕ್ಕೆ ಎಷ್ಟು ಹೊತ್ತು ಬೇಕು? ಆದರೆ "ನಾಳೆ ಬತ್ತೆ" ಎಂದವನೇ ಚೀಟಿ ಹಿಂದಕ್ಕೆ ತೆಗೆದುಕೊಂಡು ಬ್ರಹ್ಮಾವರದ ಬಸ್ಸು ಹತ್ತಿದೆ. ಕಿಟಕಿ ಪಕ್ಕದ ಸೀಟು ಸಿಕ್ಕಿತು. ಕೋಟ ದಾಟುವವರೆಗೂ ಆ ವಾಸನೆ ಮೂಗಿನಲ್ಲೇ ಇತ್ತು, ಅದರ ಜತೆಗೆ ಉಸ್ತಾದ್ ಕೂಡ.

ಸೈನ್ಯದಲ್ಲಿ ಕಲಿಸುವವರನ್ನು ಉಸ್ತಾದ್ ಎನ್ನುವುದು ವಾಡಿಕೆ. ನನ್ನ ಉಸ್ತಾದ್ ಹಾಲಾಡಿ ಕಡೆಯವರು, ಹವಾಲ್ದಾರ. ನಾನು ಬೈಂದೂರಿನ ಕಡಲ ಬದಿಯವನು, ಮೀನುಗಾರರ ಮನೆಯವನು. ರೆಜಿಮೆಂಟಿಗೆ ಸೇರಿದ ಹೊಸತರಲ್ಲಿ ಮನೆಗೆ ಫೋನ್ ಮಾಡಿ ಅಮ್ಮನ ಹತ್ತಿರ ಮಾತಾಡುತ್ತಿದ್ದಾಗ ಹಿಂದಿನಿಂದ ಒಂದು ದನಿ, "ಹ್ವಾಯ್, ನೀ ಕುಂದಾಪ್ರ ಬದಿಯವನಾ?" ಎಂದಿತು. ಮರಳುಗಾಡಿನ ನಡುವೆ ಆ ಮಾತು ಕೇಳಿ ನನಗೆ ಅಳುವೇ ಬಂದಿತ್ತು. ತಿರುಗಿ ನೋಡಿದರೆ ಕಡ್ಡಿಯಂಥ ಮನುಷ್ಯ, ದಪ್ಪ ಕನ್ನಡಕ, ಅಂಗಿಯ ಜೇಬಿನ ಕೆಳಗೆ ದೊಡ್ಡದೊಂದು ಕೆಂಪು ಕಲೆ. ಅದು ಮೇಣದ ಪೆನ್ಸಿಲ್ ಬಿಸಿಲಿಗೆ ಕರಗಿ ಆದ ಕಲೆ. ಎಷ್ಟು ಅಂಗಿ ಹಾಳಾದರೂ ಅವರು ಆ ಪೆನ್ಸಿಲ್ಲನ್ನು ಜೇಬಿನಿಂದ ಬೇರೆಡೆ ಇಟ್ಟವರಲ್ಲ.

ಅವರ ಕೆಲಸ ಲೆಕ್ಕದ್ದು. ರಾಕೆಟ್ ಹಾರಿಸುವುದೆಂದರೆ ಎಲ್ಲರೂ ಬೆಂಕಿ, ಹೊಗೆ, ಸದ್ದು ಎಂದುಕೊಳ್ಳುತ್ತಾರೆ. ಅದೆಲ್ಲ ಕೊನೆಗೆ. ಅದಕ್ಕೂ ಮೊದಲು ಒಂದು ಗುಡಾರದೊಳಗೆ ಇಬ್ಬರು ಕುಳಿತು ಲೆಕ್ಕ ಹಾಕಬೇಕು. ನಾವೆಲ್ಲಿದ್ದೇವೆ, ಗುರಿ ಎಲ್ಲಿದೆ, ಗಾಳಿ ಎತ್ತ ಬೀಸುತ್ತಿದೆ, ರಾಕೆಟ್ಟಿನ ಮದ್ದು ಎಷ್ಟು ಬಿಸಿಯಾಗಿದೆ. ಹಲಗೆಯ ಮೇಲೆ ನಕ್ಷೆ, ಅದರ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ, ಹಾಳೆಯ ಮೇಲೆ ಕೆಂಪು ಮೇಣದ ಗೆರೆ. ಅದನ್ನು ಕಲಿಸುವ ಮೊದಲು ಒಂದು ದಿನ ಚಾ ಕುಡಿಯುತ್ತ ಉಸ್ತಾದ್ ನನ್ನನ್ನೇ ಕೇಳಿದ್ದರು, ನಿನ್ನ ಅಪ್ಪ ದಡ ಕಾಣದ ಕಡಲಿನಿಂದ ವಾಪಸು ಹೇಗೆ ಬರುತ್ತಾರೆ ಎಂದು. ಎರಡು ಗುಡ್ಡದ ತುದಿಗಳನ್ನು ಒಂದರ ಹಿಂದೊಂದು ಹೊಂದಿಸಿಕೊಂಡು ಬರುತ್ತಾರೆ ಎಂದೆ. "ಹಂಗಾರೆ ನಿಂಗೆ ಅರ್ಧ ಬತ್ತ್" ಎಂದರು. ಇನ್ನರ್ಧ ಕಲಿಸಲು ಅವರು ಎರಡು ವರ್ಷ ತೆಗೆದುಕೊಂಡರು.

ಇಬ್ಬರು ಯಾಕೆ ಎಂದರೆ, ಒಬ್ಬನ ಲೆಕ್ಕವನ್ನು ಇನ್ನೊಬ್ಬ ತಾಳೆ ನೋಡಬೇಕು. ಎಲ್ಲ ಕಡೆ ಅದು ಹಾಗೆಯೇ. ಆದರೆ ಉಸ್ತಾದ್ ಅದನ್ನೊಂದು ಮಡಿಯ ಹಾಗೆ ಪಾಲಿಸುತ್ತಿದ್ದರು. ಇಬ್ಬರೂ ಬೆನ್ನಿಗೆ ಬೆನ್ನು ಹಾಕಿ ಕೂರಬೇಕು. ಒಬ್ಬನ ಕಾಗದ ಇನ್ನೊಬ್ಬನಿಗೆ ಕಾಣಬಾರದು. ಮೊದಲಿನಿಂದ ಕೊನೆಯವರೆಗೆ ತನ್ನಷ್ಟಕ್ಕೆ ಲೆಕ್ಕ ಹಾಕಿ, ಆಮೇಲೆ ಉತ್ತರ ಹೇಳಬೇಕು. ಎರಡೂ ಒಂದೇ ಆದರೆ ಮಾತ್ರ ರಾಕೆಟ್ ಹಾರಿಸುವ ಬಂಡಿಗೆ ಹೇಳುವುದು. ಇನ್ನೊಬ್ಬನ ಉತ್ತರ ನೋಡಿ ಸರಿ ಎಂದವನಿಗೆ ಅವತ್ತು ಚಾ ಇಲ್ಲ. ಚಾ ಎಂದಾಗ ಇನ್ನೊಂದು ನೆನಪು. ಕೆಲಸದ ಹೊತ್ತಿಗೆ ಹಿಂದಿ, ಚಾ ಹೊತ್ತಿಗೆ ನಮ್ಮ ಮಾತು, ಇದೂ ಅವರದೇ ಕಟ್ಟುಪಾಡು. ಹಲಗೆಯ ಮುಂದೆ ಕುಳಿತಾಗ ನಾನು ಅಪ್ಪಿತಪ್ಪಿ ಕನ್ನಡದಲ್ಲಿ ಮಾತೆತ್ತಿದರೆ ಕಿವುಡರ ಹಾಗೆ ಇದ್ದುಬಿಡುತ್ತಿದ್ದರು. ಕೆಲಸದಲ್ಲಿ ಊರು ಬಂದರೆ ಸಲಿಗೆ ಬರುತ್ತದೆ, ಸಲಿಗೆ ಬಂದರೆ ಲೆಕ್ಕ ತಪ್ಪುತ್ತದೆ ಎಂಬುದು ಅವರ ವಾದ.

ಆಮೇಲೆ ಹೊಸ ಕಾಲ ಬಂತು. ಹೊಸ ರಾಕೆಟ್‌ಗಳು ಬಂದವು. ಹಳೆಯವು ಒಂದು ಬಯಲಿಗೆ ಬಿದ್ದರೆ ಇವು ಒಂದು ಕೋಣೆಗೆ ಬೀಳುವಂಥವು, ಹೊರಡುವ ಜಾಗದ ಅಂಕಿ, ಗುರಿಯ ಅಂಕಿ ಎರಡನ್ನೂ ಕೊಟ್ಟರೆ ಹಾರುತ್ತಲೇ ದಾರಿ ತಿದ್ದಿಕೊಳ್ಳುವಂಥವು. ಮೇಲೆ ಡ್ರೋನ್ ಹಾರುತ್ತದೆ, ಅದು ಕಂಡದ್ದು ಸ್ಕ್ರೀನಿಗೆ ಬರುತ್ತದೆ, ಸ್ಕ್ರೀನಿನಿಂದ ನೇರವಾಗಿ ರಾಕೆಟ್ ಬಂಡಿಗೆ ಹೋಗುತ್ತದೆ. ಎಲ್ಲವನ್ನೂ ಒಂದೇ ಬಲೆಯಲ್ಲಿ ಹೆಣೆದ ಹಾಗೆ. ಮೊದಲು ಚಾ ಕುಡಿದು ಮುಗಿಸುವಷ್ಟು ಹೊತ್ತು ಹಿಡಿಯುತ್ತಿದ್ದ ಕೆಲಸ ಈಗ ಲೋಟ ಎತ್ತುವುದರೊಳಗೆ ಮುಗಿಯುತ್ತಿತ್ತು. ನನಗೆ ಅದು ಬೇಗ ಹಿಡಿಸಿತು, ಬೆರಳುಗಳೂ ಚುರುಕು. ಉಸ್ತಾದ್‌ಗೆ ಆ ಸ್ಕ್ರೀನ್ ಒಗ್ಗಲಿಲ್ಲ. ಹಾಗೆಂದು ಗೊಣಗಿದವರಲ್ಲ. ನಾನು ಸ್ಕ್ರೀನಿನಲ್ಲಿ ಮಾಡಿದ್ದನ್ನು ಅವರು ನನಗೆ ಬೆನ್ನು ಹಾಕಿ ಕುಳಿತು ಹಲಗೆಯ ಮೇಲೆ ಮತ್ತೆ ಮಾಡುತ್ತಿದ್ದರು. ನನ್ನದು ಆಗಿ ಎಷ್ಟೋ ಹೊತ್ತಿನ ಮೇಲೆ ಅವರ ಉತ್ತರ ಬರುತ್ತಿತ್ತು. ನನಗೆ ಒಳಗೊಳಗೇ ನಗು, ಸ್ವಲ್ಪ ಅಸಡ್ಡೆಯೂ ಇತ್ತು. ಇದನ್ನು ಈಗ ಒಪ್ಪಿಕೊಳ್ಳುತ್ತೇನೆ.

ಆ ದಿನ ದೊಡ್ಡ ಅಧಿಕಾರಿಗಳು ಬಂದಿದ್ದರು, ಹೊಸ ವ್ಯವಸ್ಥೆಯ ಪರೀಕ್ಷೆ ನೋಡಲು. ಎಷ್ಟು ಬೇಗ ಆಗುತ್ತದೆ ಎಂಬುದೇ ಪರೀಕ್ಷೆ. ನಮ್ಮ ಸಾಹೇಬರು ಗುಡಾರದೊಳಗೆ ಬಂದು ಉಸ್ತಾದರ ಹಲಗೆಯನ್ನು ನೋಡಿ, ಇವತ್ತು ಇದು ಬೇಡ, ಮಡಚಿಡಿ ಎಂದರು. ಎರಡನೆಯವನು ಸ್ಕ್ರೀನಿನಲ್ಲಿ ಒಪ್ಪಿಗೆಯ ಗುಂಡಿ ಒತ್ತಿದರೆ ಸಾಕು ಎಂದರು. ಉಸ್ತಾದ್ ಹಲಗೆ ಮಡಚಿ ಗುಡಾರದ ಮೂಲೆಗೆ ಒರಗಿಸಿಟ್ಟರು. ಪೆನ್ಸಿಲ್ ಜೇಬಿಗೆ ಹೋಯಿತು. ನನ್ನ ಪಕ್ಕಕ್ಕೆ ಬಂದು ಕುಳಿತರು. ಬೆನ್ನು ಹಾಕದೆ ಪಕ್ಕದಲ್ಲಿ ಕುಳಿತದ್ದು ಅದೇ ಮೊದಲು.

ಡ್ರೋನ್ ಕಂಡ ಗುರಿಯ ಅಂಕಿಗಳು ಬಂದವು. ಅವು ಉಪಗ್ರಹದ ಲೆಕ್ಕದ ಅಂಕಿಗಳು. ನಮ್ಮ ರಾಕೆಟ್ ಬಂಡಿಯಲ್ಲಿದ್ದ ಉಪಗ್ರಹದ ಯಂತ್ರ ಅವತ್ತು ಬೆಳಿಗ್ಗೆ ಕೆಟ್ಟಿತ್ತು, ಹಾಗಾಗಿ ಬಂಡಿ ನಿಂತ ಜಾಗವನ್ನು ಹಳೆಯ ಕಾಗದದ ನಕ್ಷೆಯಿಂದ ತೆಗೆದು ನಾನೇ ಬೆರಳಲ್ಲಿ ಒತ್ತಿದೆ. ಹಳೆಯ ನಕ್ಷೆಯ ಲೆಕ್ಕವೂ ಉಪಗ್ರಹದ ಲೆಕ್ಕವೂ ಬೇರೆ ಬೇರೆ. ನೋಡಲು ಅಂಕಿಗಳು ಅಣ್ಣತಮ್ಮಂದಿರ ಹಾಗೇ ಇರುತ್ತವೆ, ನೆಲದ ಮೇಲೆ ಮಾತ್ರ ನೂರಾರು ಮೀಟರಿನ ವ್ಯತ್ಯಾಸ. ಯಾವ ನಕ್ಷೆಯ ಅಂಕಿ ಇದು ಎಂದು ಹೇಳಲು ಸ್ಕ್ರೀನಿನ ಮೂಲೆಯಲ್ಲಿ ಒಂದು ಸಣ್ಣ ಚೌಕ ಇತ್ತು. ಅದನ್ನು ಬದಲಾಯಿಸಬೇಕಿತ್ತು. ಬದಲಾಯಿಸಿದ್ದೇನೋ ಇಲ್ಲವೋ ಎಂದು ಒಮ್ಮೆ ಕಣ್ಣು ಹಾಯಿಸಿದ್ದರೂ ಸಾಕಿತ್ತು. ಸಾಹೇಬರ ಕೈಯಲ್ಲಿ ಗಡಿಯಾರ ಇತ್ತು. ನಾನು ನೋಡಲಿಲ್ಲ.

ಉಸ್ತಾದರ ಬೆರಳು ಗುಂಡಿಯ ಮೇಲೆ ನಿಂತಿತು. ಅವರು ನನ್ನ ಕಡೆ ತಿರುಗಿ, ತಮ್ಮ ಕಟ್ಟುಪಾಡನ್ನು ತಾವೇ ಮುರಿದು, ಊರಿನ ಮಾತಿನಲ್ಲಿ ಮೆಲ್ಲಗೆ ಕೇಳಿದರು.

"ಸಮಾ ಕಂಡ್ಯಾ?"

"ಕಂಡೆ" ಎಂದೆ.

ಅವರು ಒತ್ತಿದರು. ಗುಡಾರದ ಬಟ್ಟೆ ಅದುರಿತು…

ರಾಕೆಟ್ ಅಭ್ಯಾಸದ ಬಯಲಿನ ಸುತ್ತ ನೆಟ್ಟ ಕೆಂಪು ಬಾವುಟಗಳ ಗಡಿ ದಾಟಿ, ಕುರಿ ಕಾಯುವವನೊಬ್ಬನ ಗುಡಿಸಲಿನ ಪಕ್ಕ ಬಿತ್ತು. ಆ ಮನುಷ್ಯ ಕುರಿಗಳನ್ನು ನೀರಿಗೆ ಹೊಡೆದುಕೊಂಡು ಹೋಗಿದ್ದ. ಯಾರಿಗೂ ಏನೂ ಆಗಲಿಲ್ಲ. ನೋಡಲು ಹೋದವರಲ್ಲಿ ನಾನೂ ಇದ್ದೆ. ಗುಡಿಸಲಿನ ಒಂದು ಬದಿ ಇರಲಿಲ್ಲ. ಮೂರು ಕಲ್ಲಿನ ಒಲೆಯ ಮೇಲೆ ಪಾತ್ರೆ ಮಾತ್ರ ಹಾಗೆಯೇ ಕುಳಿತಿತ್ತು, ಒಳಗೆ ಅರ್ಧ ಬೆಂದ ಬೇಳೆ, ಮೇಲೆ ಒಂದು ಪದರ ಮರಳು. ಬೇಳೆ ಒಲೆಯ ಮೇಲಿದೆ ಎಂದರೆ ಅವನು ಈಗಿಂದೀಗ ಬರುವವನಿದ್ದ.

ವಿಚಾರಣೆ ನಡೆಯಿತು. ಮೇಜಿನಾಚೆ ಮೂವರು ಅಧಿಕಾರಿಗಳು, ಈಚೆ ನಾವಿಬ್ಬರು ನಿಂತುಕೊಂಡು. ಗುಂಡಿ ಒತ್ತಿದ್ದು ಯಾರು ಎಂದಾಗ ಉಸ್ತಾದ್, ನಾನು ಎಂದರು. ತಾಳೆ ನೋಡದೆ ಯಾಕೆ ಒತ್ತಿದಿರಿ ಎಂದಾಗ ಅವರು ನನ್ನ "ಕಂಡೆ"ಯ ಮಾತನ್ನೂ, ಹಲಗೆ ಮಡಚಿಸಿದ ಮಾತನ್ನೂ ಎತ್ತಲಿಲ್ಲ. ಆಮೇಲೆ ಅಧಿಕಾರಿಗಳು ನನ್ನ ಕಡೆ ತಿರುಗಿದರು. ಒತ್ತುವ ಮೊದಲು ಅವರು ನಿನ್ನನ್ನು ಏನಾದರೂ ಕೇಳಿದರೇ?

ಪಕ್ಕದಲ್ಲೇ ಉಸ್ತಾದ್ ನಿಂತಿದ್ದರು. ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಬೈಂದೂರಿನಲ್ಲಿ ಕಟ್ಟುತ್ತಿದ್ದ ತಂಗಿಯ ಮದುವೆಯ ಚಪ್ಪರ, ಆ ತಿಂಗಳು ಬರಬೇಕಿದ್ದ ನನ್ನ ಬಡ್ತಿ, ಏನೇನೋ ತಲೆಯೊಳಗೆ ಹೊಕ್ಕವು. ಇವೆಲ್ಲ ಈಗ ಹೇಳುವ ಮಾತು. ಹೆದರಿಕೆಯಾಯಿತು, ಅಷ್ಟೇ.

"ನೆನಪಿಲ್ಲ ಸಾಬ್" ಎಂದೆ.

ಹೊರಗೆ ಬಂದ ಮೇಲೆ ನಾನು ನೆಲ ನೋಡುತ್ತಾ ನಿಂತಿದ್ದೆ. ಬಯ್ಯುತ್ತಾರೆ ಎಂದುಕೊಂಡೆ. ಬಯ್ದಿದ್ದರೆ ಇವತ್ತು ಇದನ್ನು ಬರೆಯುವ ಅಗತ್ಯ ಬರುತ್ತಿರಲಿಲ್ಲವೋ ಏನೋ. ಅವರು ಕನ್ನಡಕ ತೆಗೆದು ಅಂಗಿಯ ಅಂಚಿಗೆ ಒರೆಸಿಕೊಂಡು, "ಚಾ ಕುಡ್ದ್ಯಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಅಡುಗೆ ಗುಡಾರದ ಕಡೆ ನಡೆದರು.

ಅಂಕಿ ಒತ್ತಿದವನಿಗಿಂತ ಒಪ್ಪಿಗೆ ಕೊಟ್ಟ ಹಿರಿಯನದೇ ಹೊಣೆ ಎಂದು ತೀರ್ಮಾನವಾಯಿತು. ನಾಯಬ್ ಸುಬೇದಾರ್ ಬಡ್ತಿಯ ಪಟ್ಟಿಯಿಂದ ಅವರ ಹೆಸರು ಹೋಯಿತು. ಬಡ್ತಿ ಇಲ್ಲದ ಹವಾಲ್ದಾರನ ಅವಧಿ ಬೇಗ ಮುಗಿಯುತ್ತದೆ. ಒಂದು ಕಬ್ಬಿಣದ ಪೆಟ್ಟಿಗೆ ಹಿಡಿದುಕೊಂಡು ಊರಿಗೆ ಹೋದರು. ನನಗೆ ಬಡ್ತಿ ಸಿಕ್ಕಿತು, ಮುಂದೆ ಸುಬೇದಾರನೂ ಆದೆ. ಆ ಹೊಸ ಸ್ಕ್ರೀನ್ ನನ್ನಷ್ಟು ಬಲ್ಲವರು ಇರಲಿಲ್ಲವಾದ್ದರಿಂದ ಕೋರ್ಸಿಗೂ ಕಳಿಸಿದರು, ಆಮೇಲೆ ಕಲಿಸಲೂ ಹಾಕಿದರು. ಈಗ ಹುಡುಗರು ನನ್ನನ್ನು ಉಸ್ತಾದ್ ಎನ್ನತೊಡಗಿದರು. ಪಾಠದಲ್ಲಿ ಆ ಒಂದು ಪ್ರಕರಣ ಬರುತ್ತಿತ್ತು. ಹೆಸರಿಲ್ಲದೆ, ಊರಿಲ್ಲದೆ, "ಹೊಸ ವ್ಯವಸ್ಥೆ ಅರ್ಥವಾಗದ ಹಳೆಯ ಕಾಲದ ಹವಾಲ್ದಾರನೊಬ್ಬನ ತಪ್ಪು" ಎಂದು. ಅದನ್ನು ಓದಿ ಹೇಳಬೇಕಾದವನು ನಾನು. ವರ್ಷಕ್ಕೆ ಎರಡು ಸಲ, ಹೊಸ ಮುಖಗಳ ಮುಂದೆ ನಿಂತು ಓದಿದೆ. ಅದು ಹಾಗಲ್ಲ ಎನ್ನಲು ಹೊರಟರೆ ನಾನು ನಿಂತ ನೆಲವೇ ಕುಸಿಯುತ್ತಿತ್ತು. ವರ್ಷ ಕಳೆದಷ್ಟೂ ಹೇಳುವುದು ಕಷ್ಟವಾಯಿತು. ಬಾಗಿಲಿಗೆ ಒಳಗಿನಿಂದ ನಾನೇ ಚಿಲಕ ಹಾಕಿಕೊಂಡಿದ್ದೆ, ತೆಗೆಯುವ ಕೈ ಮಾತ್ರ ಏಳುತ್ತಿರಲಿಲ್ಲ.

ರಜೆಗೆ ಬಂದಾಗಲೆಲ್ಲ ಹಾಲಾಡಿಯ ದಾರಿ ತಪ್ಪಿಸಿ ಓಡಾಡಿದೆ. ಆದರೆ ಬಾರ್ಕೂರಿಗೆ ಹೋಗುವ ರಸ್ತೆಯ ಬದಿ ಜಾಗ ಕೊಂಡು ಮನೆ ಕಟ್ಟಲು ಹೊರಟಾಗ ಮೇಸ್ತ್ರಿ ಹೇಳಿದ, "ಪಾಯಕ್ಕೆ ಗೆರೆ ಹಾಕುಕೆ ಹಾಲಾಡಿ ಬದಿಯವ್ರ್ ಒಬ್ರ್ ಇದ್ರ್. ಮಿಲಿಟ್ರಿಯವ್ರ್. ಅವ್ರ್ ಗೆರೆ ಹಾಕಿರೆ ಒಂದ್ ನೂಲ್ ತಪ್ಪುದಿಲ್ಲೆ." ನಾನು ಬಾಯಿ ಬಿಡುವ ಮೊದಲೇ ಹೆಂಡತಿ, ಅವರನ್ನೇ ಕರೆಸಿ ಎಂದಾಗಿತ್ತು.

ಬಂದರು. ಕೂದಲು ಪೂರಾ ಬೆಳ್ಳಗಾಗಿತ್ತು. ಗೂಟಗಳ ಕಟ್ಟು, ನೂಲಿನ ಉಂಡೆ, ಸುಣ್ಣದ ಪುಡಿಯ ಚೀಲ, ಜೇಬಿನಲ್ಲಿ ಕೆಂಪು ಪೆನ್ಸಿಲ್. "ಸುಬೇದಾರ್ರ್ ಮನಿ ಅಂದ್ರೆ ನಿನ್ದಾ ಮಾರಾಯ" ಎಂದು ನಕ್ಕರು. ಆ ನಗುವಿನಲ್ಲಿ ಏನನ್ನೋ ಹುಡುಕಿದೆ, ಸಿಗಲಿಲ್ಲ. ಅವರಿಗೆ ನನ್ನನ್ನು ಕಂಡು ಸಂತೋಷವೇ ಆಗಿತ್ತು.

ನಾಲ್ಕು ಮೂಲೆಗೆ ಗೂಟ ಹೊಡೆದು ನೂಲು ಕಟ್ಟಿದರು. ಮೂಲೆಯಿಂದ ಮೂಲೆಗೆ ಅಡ್ಡಡ್ಡ ಅಳೆದಾಗ ಎರಡೂ ಅಳತೆ ಒಂದೇ ಬಂದರೆ ಮನೆಯ ಮೂಲೆಗಳು ನೆಟ್ಟಗೆ, ಇಲ್ಲವಾದರೆ ಸೊಟ್ಟ. ಒಂದನ್ನು ಅವರು ಅಳೆದು, ಎಷ್ಟೆಂದು ಬಾಯಿ ಬಿಡದೆ, ಟೇಪನ್ನು ನನ್ನ ಕೈಗೆ ಕೊಟ್ಟು ನನಗೆ ಬೆನ್ನು ಹಾಕಿ ನಿಂತರು. ಮೇಸ್ತ್ರಿ ಇನ್ನೊಂದು ತುದಿ ಹಿಡಿದ. ನಾನು ಮೊಣಕಾಲೂರಿ ಕುಳಿತು, ಟೇಪು ಸಡಿಲವಾಗದ ಹಾಗೆ ಎಳೆದು, ಮುಖವನ್ನು ಗೂಟದ ಹತ್ತಿರ ತಂದು ಮೂರು ಸಲ ನೋಡಿ ಹೇಳಿದೆ. ಜೀವಮಾನದಲ್ಲಿ ಅಷ್ಟು ನಿಗಾ ಇಟ್ಟು ನಾನು ಏನನ್ನೂ ನೋಡಿದವನಲ್ಲ.

ಅವರು ತಿರುಗಿದರು.

"ಸಮಾ ಕಂಡ್ಯಾ?"

"ಕಂಡೆ ಉಸ್ತಾದ್."

ಅವರು ನೂಲುಗಳನ್ನು ಒಂದೊಂದಾಗಿ ದಾಟಿಕೊಂಡು ನನ್ನ ಮೂಲೆಗೆ ಬಂದು, ಕನ್ನಡಕ ಏರಿಸಿ, ಕುಳಿತು, ನಾನು ಅಳೆದದ್ದನ್ನು ತಾವೇ ಅಳೆದರು. ಹಲಗೆಯ ಕಾಲದಲ್ಲಿ ಅವರು ಹಾಗೆ ಮಾಡುತ್ತಿರಲಿಲ್ಲ. ತಾಳೆ ಎಂದರೆ ಇಬ್ಬರದು, ಇಬ್ಬರ ಮಾತಿಗೂ ಒಂದೇ ಬೆಲೆ. "ಸಮಾ ಇತ್ತ್" ಎಂದು ಎದ್ದು ಟೇಪು ಸುತ್ತಿದರು. ಸಿಟ್ಟಿನಿಂದ ಮಾಡಿದ್ದಲ್ಲ, ನನಗೆ ಪಾಠ ಕಲಿಸಲು ಮಾಡಿದ್ದೂ ಅಲ್ಲ. ಬಿಸಿ ಹಾಲಿಗೆ ಸುಟ್ಟ ಬಾಯಿ ಮಜ್ಜಿಗೆಯನ್ನೂ ತಾನಾಗಿ ಊದುತ್ತದಲ್ಲ, ಅಷ್ಟೇ. ನನ್ನ "ಕಂಡೆ"ಗೆ ಅವರಲ್ಲಿ ಬೆಲೆ ಉಳಿದಿಲ್ಲ ಎಂದು ಅವತ್ತು ಗೊತ್ತಾಯಿತು.

ಮೇಸ್ತ್ರಿ ಸುಣ್ಣ ಸುರಿಯುತ್ತಿದ್ದ. ನಾವಿಬ್ಬರೇ ತೆಂಗಿನ ಬುಡದಲ್ಲಿ ನಿಂತಿದ್ದೆವು. ಹೇಳಬಹುದಿತ್ತು. "ಉಸ್ತಾದ್, ಅವತ್ತ್…" ಎಂದು ಶುರುವೂ ಮಾಡಿದೆ. ಅಷ್ಟರಲ್ಲಿ ಹೆಂಡತಿ ಬೆಲ್ಲ ನೀರು ತಂದಳು. ಅವರು ಬೆಲ್ಲ ಬಾಯಿಗೆ ಹಾಕಿಕೊಂಡು, ಮನೆ ಬಾಗಿಲು ಮೂಡಕ್ಕೆ ಇಟ್ಟದ್ದು ಒಳ್ಳೆಯದಾಯಿತು ಎಂದರು. ನಾನು ಹೌದು ಎಂದೆ. ಎರಡೂ ಗಂಡು ಪ್ರಾಣಿಗಳು ಬಾಗಿಲಿನ ದಿಕ್ಕಿನ ಬಗ್ಗೆ ಬಹಳ ಹೊತ್ತು ಮಾತಾಡಿದೆವು.

ಹೋದ ಮಳೆಗಾಲದ ಆಚೆಯ ಮಳೆಗಾಲದಲ್ಲಿ ಅವರು ತೀರಿಕೊಂಡರು. ಕೆರಾಡಿಯಲ್ಲಿ ಯಾರದೋ ಮನೆಯ ಪಾಯಕ್ಕೆ ಗೆರೆ ಹಾಕಿ ಬಂದವರು ಎದೆನೋವೆಂದು ಮಲಗಿದವರು ಏಳಲಿಲ್ಲ. ನಾನು ನಿವೃತ್ತನಾಗಿ ಬಂದ ಹೊಸತು. ಹಾಲಾಡಿಗೆ ಹೋದೆ, ಮೊದಲ ಸಲ ಅವರ ಮನೆಯ ಮೆಟ್ಟಿಲು ಹತ್ತಿದೆ. ನನ್ನ ಊರು, ರೆಜಿಮೆಂಟು ಹೇಳಿದ ಕೂಡಲೇ ಅವರ ಹೆಂಡತಿ ಗುರುತು ಹಿಡಿದು, "ನೀವಲ್ದೆ, ಬೈಂದೂರ್ ಮಾಣಿ? ಯಾವಾಗ್ಳೂ ಹೇಳ್ತಿದ್ರ್, ನಾ ಕಲ್ಸಿದ್ ಮಾಣಿ ಸುಬೇದಾರ ಆಯ್ದ ಅಂದ್" ಎಂದರು. ಅವರಿಗೆ ಏನೂ ಗೊತ್ತಿರಲಿಲ್ಲ. ಮನೆಯಲ್ಲೂ ಹೇಳಿರಲಿಲ್ಲ ಮಹಾರಾಯರು. ನಾನು ಆ ಅಮ್ಮನ ಮುಂದೆ ಕೈಮುಗಿದು ನಿಂತು, ಹೌದು, ಅವರೇ ಕಲಿಸಿದ್ದು ಎಂದೆ.

ಈಚೆಗೆ ಟಿವಿಯಲ್ಲಿ ರಾಕೆಟ್, ಕ್ಷಿಪಣಿ ಹಾರುವುದು ತೋರಿಸಿದಾಗಲೆಲ್ಲ ಊರಿನಲ್ಲಿ ನಾನು ದೊಡ್ಡ ಮನುಷ್ಯ. ಹೋಟೆಲಿಗೆ ಕಾಲಿಟ್ಟರೆ ಬೆಂಚಿನಲ್ಲಿ ಜಾಗ ಬಿಟ್ಟುಕೊಡುತ್ತಾರೆ. ಮೊನ್ನೆಯೂ ಒಬ್ಬರು ಫೋನಿನಲ್ಲಿ ವಿಡಿಯೋ ಹಿಡಿದು ಕೇಳಿದರು, "ಈಗಳ್ ಮನ್ಷ್ಯ ಎಂತಕ್ಕೂ ಬ್ಯಾಡ ಅಲ್ದೆ? ಎಲ್ಲ ಕಂಪ್ಯೂಟ್ರೇ ಕಾಂತ್ ಅಂಬ್ರ್." ನಾನು ಸುಬೇದಾರನ ಗತ್ತಿನಲ್ಲಿ, ಹೌದು, ಈಗ ಎಲ್ಲ ಅದೇ ನೋಡಿಕೊಳ್ಳುತ್ತದೆ ಎಂದೆ. ಇಡ್ಲಿ ತಣ್ಣಗಾಗಿತ್ತು, ಬಿಟ್ಟು ಎದ್ದು ಬಂದೆ.

ಕುಂದಾಪುರದಿಂದ ಬಂದ ಬಸ್ಸಿಳಿದು ಮನೆಗೆ ಬಂದವನು ಗಾಜಿನ ಅಳತೆಯ ಚೀಟಿಯನ್ನು ಹೆಂಡತಿಗೆ ತೋರಿಸಲಿಲ್ಲ. ಟೇಪು ಕೊಟ್ಟು, ಜಗಲಿಯ ಒಡೆದ ಕಿಟಕಿ ಅಳೆದು ಹೇಳು ಎಂದೆ. ಬೆನ್ನು ಹಾಕಿ ನಿಂತೆ.

"ಎಂತಕ್ಕೆ ಈಗ? ನೀವ್ ಅಳ್ಕಂಡೇ ಹೋದ್ದಲ್ದೆ?" ಎಂದಳು. ಆದರೂ ಸೆರಗು ಸಿಕ್ಕಿಸಿಕೊಂಡು, ಅಂಚಿನಲ್ಲಿ ಉಳಿದ ಗಾಜಿನ ಚೂರು ಕೈಗೆ ತಾಗದ ಹಾಗೆ ಅಳೆದಳು. ಹೇಳಿದಳು. ನನ್ನ ಚೀಟಿಗಿಂತ ಅರ್ಧ ಇಂಚು ಕಡಿಮೆ.

ಚೀಟಿ ನೋಡಿ ಅವಳು ಹುಬ್ಬು ಗಂಟಿಕ್ಕಿದಳು. ನಾನು ಅಳೆದದ್ದು ಪಕ್ಕದ ಕಿಟಕಿಯನ್ನು. ಒಡೆದದ್ದರಲ್ಲಿ ಗಾಜಿನ ಚೂರಿತ್ತು, ಎರಡೂ ಒಂದೇ ಇರುತ್ತವೆ, ಉಸ್ತಾದರು ಗೆರೆ ಹಾಕಿದ ಮನೆಯಲ್ಲವೇ ಎಂದುಕೊಂಡಿದ್ದೆ. ಗೆರೆ ಅವರದು ಸರಿಯೇ. ಕಿಟಕಿ ಮಾಡಿದ್ದು ಬಡಗಿ.

"ನೀವ್ ಇದನ್ನ್ ಸಮಾ ಕಂಡಿದ್ರಿಯಾ?" ಎಂದು ಕೇಳಿದಳು.

ಜಗಲಿಯಲ್ಲಿ ಬಿಸಿಲಿತ್ತು. ಅವಳು ಒಡೆದ ಕಿಟಕಿಯ ಪಕ್ಕ ಟೇಪು ಹಿಡಿದು ನಿಂತಿದ್ದಳು, ಉತ್ತರಕ್ಕೆ ಕಾಯುತ್ತ.

"ಇಲ್ಲ" ಎಂದೆ. "ಕಾಣ್ಲಿಲ್ಲ."

ಅವಳು, ಅದಕ್ಕೆಂತ, ನಾಳೆ ಸರಿ ಅಳತೆ ಕೊಟ್ಟರಾಯಿತು ಎನ್ನುತ್ತ ಒಳಗೆ ಹೋದಳು. ಎಷ್ಟು ಸುಲಭದ ಮಾತಾಗಿತ್ತು ಆ "ಕಾಣ್ಲಿಲ್ಲ". ಕೇಳಬೇಕಾದವರು ಇರಲಿಲ್ಲ.